ಒಂದು ತಲೆ ಒಂದೇ ಸಲ

ನಮ್ಮೂರಿನಲ್ಲಿ ವಯಸ್ಸಾಯಿತೆಂದು ಯಾರ ಕೂದಲೂ ನೆರೆಯುವುದಿಲ್ಲ. ಹಲ್ಲು ಉದುರುತ್ತವೆ, ಬೆನ್ನು ಬಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ತಲೆ ಮಾತ್ರ ಮಣ್ಣಿಗೆ ಹೋಗುವ ತನಕ ಕಾಗೆಯ ಪುಕ್ಕದ ಹಾಗೆ ಕರ್ರಗೇ ಇರುತ್ತದೆ. ತಲೆ ಬೆಳ್ಳಗಾಗುವುದು ಸಾವಿನಿಂದ, ಅದೂ ಇನ್ನೊಬ್ಬರ ಸಾವಿನಿಂದ. ಯಾರಾದರೂ ಸತ್ತರೆ ಮರುದಿನ ಬೆಳಗಾಗುವುದರೊಳಗೆ ಊರಿನ ಒಂದು ತಲೆ ಬೆಳ್ಳಗಾಗಿರುತ್ತದೆ. ಸತ್ತವರನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿದ್ದವರ ತಲೆ. ಒಂದೇ, ಎರಡಲ್ಲ. ಮತ್ತೆ, ಒಂದು ತಲೆ ಒಂದೇ ಸಲ. ಒಬ್ಬರಿಗಾಗಿ ಬೆಳ್ಳಗಾದದ್ದು ಇನ್ನೊಬ್ಬರಿಗಾಗಿ ಬೆಳ್ಳಗಾಗಲು ಉಳಿದಿರುವುದಿಲ್ಲ.

ಇದರ ಜೊತೆ ಬಾಳುವುದನ್ನು ಜನ ಕಲಿತಿದ್ದಾರೆ. ಗಂಡ ಹೆಂಡಿರು ಜಗಳಕ್ಕೆ ಬಿದ್ದಾಗ ಕೊನೆಯ ಮಾತು ತಲೆಯದೇ. "ನೀ ಸಾಯಿ, ನನ್ನ ಒಂದ್ ಕೂದಲ ಬೆಳ್ಳಗಾದರ ಕೇಳು" ಎಂದ ಮೇಲೆ ಆ ಮನೆಯಲ್ಲಿ ಎರಡು ದಿನ ಒಲೆ ಹೊತ್ತುವುದಿಲ್ಲ. ಸೊಸೆಯರು ಅತ್ತೆಯ ಸಾವಿಗೆ ತಲೆ ಬೆಳ್ಳಗಾದೀತೆಂದು ಹೆದರುವುದಿಲ್ಲ, ಅದು ಈವರೆಗೆ ಆಗಿಲ್ಲ. ನಮ್ಮಪ್ಪ ಫಕೀರಪ್ಪ ಊರಿನ ನೀರಗಂಟಿ. ಕೆರೆಯ ತೂಬು, ಓಣಿಯ ನಲ್ಲಿ ಎಲ್ಲ ಅವನ ಕೈಯಲ್ಲಿ. ಚಹಾದಂಗಡಿಯಲ್ಲಿ ಕೂತಾಗ ಅವನು ಒಂದು ಮಾತನ್ನು ತಪ್ಪದೆ ಆಡುತ್ತಿದ್ದ: "ನಾ ಸತ್ತ ಮರುದಿನ ನಮ್ಮಾಕಿ ತಲಿ ನೋಡ್ರಿ. ಅರಳಿದ ಹತ್ತಿ ಹೊಲ ಆಗಿರ್ತೈತಿ." ಜನ ನಗುತ್ತಿದ್ದರು. ಅವ್ವನಿಗೂ ಈ ಮಾತು ಗೊತ್ತಿತ್ತು. ಅವಳು ನಗುತ್ತಿರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ.

ಗಿರಣಿ ಈರಭದ್ರ ಒಂದು ಸಂಜೆ ಗಿರಣಿಯ ಪಟ್ಟಾ ಏರಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದ. ನಾನು ಆಗ ಕಾಲೇಜಿನ ರಜೆಗೆಂದು ಹಾಸ್ಟೆಲಿನಿಂದ ಬಂದಿದ್ದೆ. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಪ್ಪ ನೀರು ಬಿಡಲು ಹೋಗಿಯಾಗಿತ್ತು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ ಇರುವಾಗ ಅವಳು ತಲೆಯ ಮೇಲೆ ಸೆರಗು ಹೊದೆಯುವವಳಲ್ಲ. ಆ ದಿನ ಸೆರಗನ್ನು ಹಣೆಯ ತನಕ ಎಳೆದು, ಕಿವಿಯ ಹಿಂದೆ ಸಿಕ್ಕಿಸಿದ್ದಳು. ಬೆಂಕಿಯ ಮುಂದೆ, ಆ ಬೇಸಿಗೆಯಲ್ಲಿ. ನಾನು ಹಿಂದಿನಿಂದ ಹೋಗಿ ಎಳೆದೆ. ಕೂದಲ ಗಂಟು ಬಿಚ್ಚಿ ಬೆನ್ನ ಮೇಲೆ ಬಿತ್ತು. ಒಂದು ಎಳೆಯೂ ಕಪ್ಪಿರಲಿಲ್ಲ.

"ಅವ್ವಾ, ಏನಿದು?"

"ಕಣ್ಣಿಲ್ಲೇನು ನಿನಗ?"

"ಯಾರಿಗಾಗಿ?"

ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಅದರ ಮೇಲೆ ನೀರು ಸವರಿದಳು. "ನಿನ್ನೆ ಊರಾಗ ಎಷ್ಟ ಮಂದಿ ಸತ್ತಾರ?"

ನನಗೆ ಮೊದಲು ನೆನಪಾದದ್ದು ಹೂವಿನಂಗಡಿಯ ತಾರವ್ವ. ಬಸ್ಸಿನ ಕಂಡಕ್ಟರ್ ಒಬ್ಬ ಸತ್ತಾಗ ಅವಳ ತಲೆ ಬೆಳ್ಳಗಾಗಿತ್ತು. ಅವಳ ಗಂಡ ಅವಳ ಟ್ರಂಕನ್ನು ತಂದು ಓಣಿಯ ನಡುವೆ ಇಟ್ಟು ಬಾಗಿಲು ಹಾಕಿಕೊಂಡ. ಈಗ ಅವಳು ಮಠದ ಹೊರಗಿನ ಜಗುಲಿಯ ಮೇಲೆ ಮಲಗುತ್ತಾಳೆ. ಹೂ ಕಟ್ಟುತ್ತಾಳೆ, ಯಾರೂ ಕೊಳ್ಳುವುದಿಲ್ಲ. ನಮ್ಮ ಮನೆಯಲ್ಲಿಯೂ ಒಂದು ಟ್ರಂಕು ಇತ್ತು, ಹಸಿರು ಬಣ್ಣದ್ದು. ಅವ್ವ ತವರಿನಿಂದ ತಂದದ್ದು.

ಹೆಣ ಮಣ್ಣಾಗುವ ತನಕ ಯಾರ ಸೆರಗನ್ನೂ ಕೆದಕಬಾರದೆಂಬುದು ಕಟ್ಟಳೆ. ಅದೊಂದು ನಮಗೆ ಉಳಿದಿತ್ತು. ಮಧ್ಯಾಹ್ನ ಅವ್ವ ಎಲ್ಲರಂತೆ ಸಾವಿನ ಮನೆಗೆ ಹೋಗಿ, ಎಲ್ಲರಂತೆ ಕೂತು ಬಂದಳು. ಈರಭದ್ರನ ಹೆಂಡತಿ ಚಂಪವ್ವ ಮಾತ್ರ ಸೆರಗು ತೆಗೆದು ಕೂತಿದ್ದಳು. ಅವಳ ತಲೆ ಕರ್ರಗೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಹೆಣದ ಮುಂದೆ ಅಳುತ್ತಿದ್ದವರು ಅಳುತ್ತಲೇ ಅವಳ ಬೈತಲೆ ನೋಡುತ್ತಿದ್ದರು. ಅವಳು ಬೇಕೆಂತಲೇ ಹಾಗೆ ಕೂತಿದ್ದಾಳೆ ಅನಿಸಿತು ನನಗೆ: ನೋಡುವುದಿದ್ದರೆ ಈಗಲೇ ನೋಡಿಬಿಡಿ ಅನ್ನುವ ಹಾಗೆ. ಗಂಡಸರು ರುಮಾಲು ತೆಗೆದು ತಮ್ಮ ತಮ್ಮ ತಲೆಗಳನ್ನು ತೋರಿಸಿ ಮುಗಿಸಿದರು. ಈರಭದ್ರನ ಮಗ, ತಮ್ಮ, ಗಿರಣಿಯ ಆಳು, ಎಲ್ಲರದೂ ಕಪ್ಪೇ. ಹಾಗಾದರೆ ಅದು ಯಾವುದೋ ಹೆಂಗಸಿನ ತಲೆ ಎಂದು ಸಂಜೆಯ ಹೊತ್ತಿಗೆ ಊರು ತೀರ್ಮಾನಿಸಿತು.

ಮೂರನೆಯ ದಿನ ಬೆಳಿಗ್ಗೆ ತಲೆನೀರು. ಸತ್ತವನ ಗಿರಣಿಯ ಹಿಟ್ಟು ತಿಂದ ಮನೆಗಳ ಹೆಂಗಸರೆಲ್ಲ ಕೆರೆಯ ಮೆಟ್ಟಿಲ ಮೇಲೆ ಕೂರಬೇಕು. ಸತ್ತವನ ಹೆಂಡತಿ ಒಬ್ಬೊಬ್ಬರ ತಲೆಗೂ ನೀರು ಹಾಕಿ, ಸೀಗೆಕಾಯಿ ತಿಕ್ಕಿ ನೋಡಬೇಕು. ಬೆಳ್ಳಗಿನ ತಲೆ ಸಿಕ್ಕರೆ ಅದರವಳಿಗೆ ಎಡೆಯ ಮೊದಲ ತುತ್ತು ಕೊಟ್ಟು, ಸತ್ತವನ ಹೆಸರಿನಲ್ಲಿ ದೀಪ ಹಚ್ಚುತ್ತಾರೆ. ಆಮೇಲೆ ಆ ತಲೆಯವಳಿಗೆ ಅವಳ ಮನೆಯವರು ಏನು ಮಾಡುತ್ತಾರೋ ಅದು ಅವರವರದು. ಬರದೆ ಉಳಿದವಳು ಒಪ್ಪಿಕೊಂಡಂತೆಯೇ.

ಹಾಸ್ಟೆಲು ಇರುವ ಊರಿನಲ್ಲಿ ಎಲ್ಲರ ತಲೆಯೂ ವಯಸ್ಸಿಗೇ ನೆರೆಯುತ್ತದೆ. ನಮ್ಮ ವಾರ್ಡನ್ ತಿಂಗಳಿಗೊಮ್ಮೆ ಮದರಂಗಿ ಕಲಸಿ ತಲೆಗೆ ಹಚ್ಚಿಸಿಕೊಳ್ಳುತ್ತಿದ್ದರು, ಹಚ್ಚುವವಳು ನಾನು. ನಮ್ಮೂರಿನಲ್ಲಿ ಬಣ್ಣದ ಪೊಟ್ಟಣ ಮಾರುವುದಿಲ್ಲ. ಒಮ್ಮೆ ತಂದವನನ್ನು ಅಗಸಿ ಬಾಗಿಲಿನಿಂದಲೇ ಓಡಿಸಿದ್ದರು. ಇರುವುದು ಸೊಪ್ಪು, ಕಾಯಿ, ಬೇರು. ಸಾವಿನ ಮನೆಯಿಂದ ಬರುತ್ತಲೇ "ಹಚ್ಚೂಣು" ಎಂದೆ. ಅವ್ವ ಹಿತ್ತಲಿನ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತಳು.

ಮೊದಲು ಮಾಡಿದ್ದು ಚಹಾಪುಡಿ ಮತ್ತು ಒಣ ನೆಲ್ಲಿಕಾಯಿ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದೆ. ನೀರು ಕಪ್ಪಾಯಿತು, ಬಾಣಲೆ ಕಪ್ಪಾಯಿತು, ನನ್ನ ಬೆರಳೂ ಕಪ್ಪಾಯಿತು. ತಲೆ ಮಾತ್ರ ತೊಳೆಯದೆ ಬಿಟ್ಟ ಚಹಾದ ಬಸಿಯ ಬಣ್ಣಕ್ಕೆ ತಿರುಗಿ ನಿಂತುಬಿಟ್ಟಿತು. ಆಮೇಲೆ ಬೇಲಿಯ ಮದರಂಗಿಯನ್ನು ಅರೆದು, ನಿಂಬೆಹಣ್ಣು ಹಿಂಡಿ, ಬೆಚ್ಚಗೆ ಮೆತ್ತಿ, ಬಾಳೆ ಎಲೆ ಕಟ್ಟಿದೆ. ಮದರಂಗಿ ಕಪ್ಪು ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಬಿಳಿಯ ಮೇಲೆ ನೇರವಾಗಿ ನೀಲಿ ಸೊಪ್ಪು ಹಚ್ಚಿದರೆ ಹಸಿರಾಗುತ್ತದೆ. ಮೊದಲು ಕೆಂಪು ಹಿಡಿಸಬೇಕು, ಅದರ ಮೇಲೆ ನೀಲಿ. ಎರಡೂ ಸೇರಿದರೆ ಕಪ್ಪು.

ಎಲೆ ಕಟ್ಟಿ ಕೂತಿದ್ದಾಗಲೇ ಪಕ್ಕದ ಮನೆಯ ಬಂಗಾರವ್ವ ಮಜ್ಜಿಗೆಯ ನೆಪ ಮಾಡಿಕೊಂಡು ಹಿತ್ತಲಿಗೇ ಬಂದಳು. ಹೆಣ ಮಣ್ಣಾದಾಗಿನಿಂದ ಅವಳು ಓಣಿಯ ಎಷ್ಟು ಮನೆಗಳ ಮಜ್ಜಿಗೆ ಕುಡಿದಿದ್ದಳೋ.

"ಏನವಾ ಕಾಶವ್ವ, ಅಂಗಳ ಸಾರಿಸಿದಂಗ ತಲಿ ಸಾರಿಸೀಯಲ್ಲ!"

"ಉಷ್ಣ ಆಗೇದವಾ. ಮೆಂತೆ ಹಚ್ಚೀನಿ."

"ಮೆಂತೆ ಹಿಂಗ ಕೆಂಪಗ ಇಳೀತೈತೇನು?" ಅವಳ ಕಣ್ಣು ಅವ್ವನ ಕಪಾಳದ ಮೇಲೆ ಇಳಿಯುತ್ತಿದ್ದ ಗೆರೆಯ ಮೇಲಿತ್ತು. ಕೈ ಮುಂದೆ ಬಂದಿತ್ತು. ಎಲೆಯ ಅಂಚನ್ನು ಎತ್ತಲು ಇನ್ನೊಂದು ಗೇಣು ಸಾಕಿತ್ತು.

"ದಾಸವಾಳದ ಹೂ ಹಾಕೀನಿ ದೊಡ್ಡವ್ವ," ಎಂದು ನಾನು ಅವಳ ಕೈ ಹಿಡಿದೆ. "ನಮ್ಮ ಹಾಸ್ಟೆಲ್‌ನಾಗ ಹಿಂಗೇ ಮಾಡ್ತಾರ. ಕೂದಲ ರೇಷ್ಮಿ ಆಗ್ತಾವ. ನಿಮಗೂ ಹಚ್ಚತೀನಿ, ಕುಂಡ್ರಿ. ನಾಡಿದ್ದು ನಾಕು ಮಂದಿ ಮುಂದ ತಲಿ ಬಿಚ್ಚೂದೈತಿ, ಚಂದ ಕಾಣಬ್ಯಾಡೇನು?"

"ಅಯ್ಯ, ಮುದುಕಿಗೆ ಯಾತರ ರೇಷ್ಮಿ" ಎನ್ನುತ್ತಲೇ ಅವಳು ಕೂತಳು. ಉಳಿದ ಮದರಂಗಿಯನ್ನೆಲ್ಲ ಅವಳ ತಲೆಗೆ ಮೆತ್ತಿದೆ. ಕಪ್ಪು ಕೂದಲಿಗೆ ಮದರಂಗಿ ಬಿಸಿಲಲ್ಲಿ ಸ್ವಲ್ಪ ಹೊಳಪು ಕೊಡುತ್ತದೆ, ಅಷ್ಟೆ. ನನ್ನ ಬೆರಳು ಓಡಿದಂತೆ ಅವಳು ತೂಕಡಿಸತೊಡಗಿದಳು. ಅವಳ ಪಕ್ಕದಲ್ಲಿ ಅವ್ವ ಕಲ್ಲಿನಂತೆ ಕೂತಿದ್ದಳು. ಬಂಗಾರವ್ವ ಎದ್ದು ಹೋಗುವ ತನಕ ಅವಳು ಕಪಾಳ ಒರೆಸಿಕೊಳ್ಳಲಿಲ್ಲ.

ಸಂಜೆ ತೊಳೆದಾಗ ಅವ್ವನ ತಲೆ ಹುಂಜದ ಜುಟ್ಟಿನಂತೆ ಉರಿಯುತ್ತಿತ್ತು. ಸೆರಗಿನ ಮೇಲೆ ಟವಲು ಸುತ್ತಿ, ತಲೆನೋವು ಎಂದು ಮೂಲೆಯಲ್ಲಿ ಮಲಗಿಸಿದೆ. ಅಪ್ಪ ಬಂದು ಉಣ್ಣಲು ಕೂತ. ಬಡಿಸಿದ್ದು ನಾನು.

"ಯಾವಳೋ ಹಾದರಗಿತ್ತಿ ಗಪ್ ಚುಪ್ ಕುಂತಾಳ," ಎಂದ ಅಪ್ಪ, ರೊಟ್ಟಿ ಮುರಿಯುತ್ತ. "ಕುಂದ್ರಲಿ. ಕೆರಿ ನೀರ ಯಾರನ್ನೂ ಬಿಡೂದಿಲ್ಲ. ನಿಮ್ಮವ್ವಗ ಏನಾಗೇತಿ?"

"ಬಿಸಲ ಬಡದೈತಿ."

"ಬಿಸಲಾಗ ಹೆಣದ ಮುಂದ ಕುಂತರ ಬಡೀದಂಗ ಇರ್ತೈತೇನು." ಅವನು ಮೂಲೆಯ ಕಡೆ ನೋಡದೆ ಇನ್ನೊಂದು ರೊಟ್ಟಿ ಕೇಳಿದ.

ನೀಲಿ ಗಿಡ ನಮ್ಮೂರಿನಲ್ಲಿ ಯಾರೂ ಬೆಳೆಯುವುದಿಲ್ಲ. ಆದರೆ ಹಿಂದೆ ನೂಲಿಗೆ ಬಣ್ಣ ಹಾಕುತ್ತಿದ್ದ ಮನೆಯೊಂದು ಕೆರೆಯ ಆಚೆ ಬಿದ್ದುಹೋಗಿದೆ, ಅದರ ಸುತ್ತ ಗಿಡ ಕಳೆಯಂತೆ ಹಬ್ಬಿದೆ. ಎರಡನೆಯ ದಿನ ಬೆಳಕು ಹರಿಯುತ್ತಲೇ ಹುಲ್ಲಿಗೆ ಹೋಗುವವಳ ಹಾಗೆ ಬುಟ್ಟಿ ಹಿಡಿದು ಹೋಗಿ, ಸೊಪ್ಪು ಕಿತ್ತು, ಮೇಲೆ ಹುಲ್ಲು ಮುಚ್ಚಿ ತಂದೆ. ತಗಡಿನ ಮೇಲೆ ಹರವಿದರೆ ಆ ಬಿಸಿಲಿಗೆ ಮಧ್ಯಾಹ್ನದೊಳಗೆ ಗರಿಗರಿಯಾಗಿತ್ತು. ಕುಟ್ಟಿ, ಜರಡಿ ಹಿಡಿದು, ನೀರು ಕಾಯಿಸಲು ಹೋದೆ. ತಿರುಗಿ ಬರುವಷ್ಟರಲ್ಲಿ ಅವ್ವ ತಾನೇ ಕಲಸಿ ಮುಂದಲೆಗೆ ಹಚ್ಚಿಕೊಂಡುಬಿಟ್ಟಿದ್ದಳು. ಬಟ್ಟಲಿನ ಬದಿಯಲ್ಲಿ ಹಿಂಡಿದ ನಿಂಬೆಯ ಸಿಪ್ಪೆ ಬಿದ್ದಿತ್ತು.

"ನಿಂಬಿಹಣ್ಣು ಯಾಕ ಹಿಂಡಿದಿ?"

"ನಿನ್ನೆ ನೀನ ಹಿಂಡಿದ್ದೆಲ್ಲ."

"ಅದು ಮದರಂಗಿಗೆ! ಹುಳಿ ಬಿದ್ದರ ನೀಲಿ ಸಾಯ್ತೈತಿ!" ನಾನು ಕಿರುಚಿದೆ, ಆಮೇಲೆ ಗೋಡೆಯ ಆಚೆ ಬಂಗಾರವ್ವ ಇರುವುದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಮುಂದಲೆ ತೊಳೆದಾಗ ಕೆಂಪಿನ ಮೇಲೆ ಪಾಚಿಯ ಬಣ್ಣ ಕೂತಿತ್ತು. ಪುಡಿ ಅರ್ಧ ಖರ್ಚಾಗಿತ್ತು. ಉಳಿದದ್ದಕ್ಕೆ ಉಗುರುಬೆಚ್ಚನೆಯ ನೀರು ಮತ್ತು ಚಿಟಿಕೆ ಉಪ್ಪು ಮಾತ್ರ ಹಾಕಿ, ಮೇಲೆ ನೀಲಿ ಕೆನೆ ಕಟ್ಟುವ ತನಕ ಕಾದು, ಎಳೆ ಎಳೆ ಬಿಡಿಸಿ ಹಚ್ಚಿದೆ. ನನ್ನ ಕೈಗೆ ಸಿಟ್ಟು ಬಂದಿತ್ತು, ಕೂದಲು ಜಗ್ಗುತ್ತಿತ್ತು.

"ಏನಿತ್ತು ನಿಮ್ಮಿಬ್ಬರ ನಡುವ?" ಎಂದು ಕೊನೆಗೂ ಕೇಳಿದೆ.

"ಏನೂ ಇಲ್ಲ. ಜ್ವಾಳ ಒಯ್ತಿದ್ದೆ, ಹಿಟ್ಟು ತರ್ತಿದ್ದೆ."

"ಸುಳ್ಳ ಹೇಳಬ್ಯಾಡ. ಇಷ್ಟಾದ ಮ್ಯಾಲೂ."

"ಖಾರ ಬೀಸಿದ ಮ್ಯಾಲೆ ನಂದು ಹಾಕ್ತಿರಲಿಲ್ಲ ಅಂವ. ಒಂದು ಹಿಡಿ ತನ್ನ ಜ್ವಾಳ ಹಾಕಿ ಬೀಸಿ, ಅದನ್ನ ಚೆಲ್ಲಿ, ಆಮ್ಯಾಲೆ ನಂದು. ಅಲ್ಲೀತನಕ ಕುಂಡ್ರು ಅಂತಿದ್ದ. ಉಂಡಿ ಏನು ಅಂತ ಕೇಳ್ತಿದ್ದ. ಇಲ್ಲಂದರ ಬೆಲ್ಲ ಕೊಡ್ತಿದ್ದ."

"ಅಷ್ಟೇನಾ?"

"ಅಷ್ಟ."

"ಅಷ್ಟಕ್ಕ ತಲಿ ಬೆಳ್ಳಗಾಗ್ತೈತೇನು?"

"ನನ್ನ ಕೇಳಿ ಆಗೇತೇನು?" ಎಂದಳು ಅವ್ವ. "ತಲಿಗೆ ಅಷ್ಟ ಸಾಕಾತು ಕಾಣತೈತಿ."

ನನಗೆ ಬೇರೇನಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು. ಪುಸ್ತಕದಲ್ಲಿ ಓದಿದಂಥದ್ದು. ಒಂದು ಹಿಡಿ ಜೋಳ, ಒಂದು ಚೂರು ಬೆಲ್ಲಕ್ಕಾಗಿ ನಾವು ಬಚ್ಚಲಲ್ಲಿ ಕಳ್ಳರಂತೆ ಕೂತಿದ್ದೆವು.

ತೊಳೆದ ಮೇಲೆ ಬಣ್ಣ ನಿಂತಿತ್ತು. ಮುಂದಲೆ ಬಿಸಿಲಿನಲ್ಲಿ ತುಸು ಹಸಿರು ಹೊಡೆಯುತ್ತಿತ್ತು, ಉಳಿದದ್ದು ಕಪ್ಪು. ಆದರೆ ಮುಟ್ಟಿದರೆ ತೆಂಗಿನ ನಾರು. ಮುಟ್ಟುವವಳು ಚಂಪವ್ವ. ದಾಸವಾಳದ ಎಲೆ ಕಿವುಚಿ ಲೋಳೆ ತೆಗೆದು, ಮೊಸರಿನಲ್ಲಿ ಕಲಸಿ ಹಚ್ಚಿ, ಮತ್ತೆ ಬರೀ ನೀರಿನಲ್ಲಿ ತೊಳೆದೆ. ಕೂದಲು ಮೆತ್ತಗಾಯಿತು. ನೀಲಿ ಗಟ್ಟಿಯಾಗಿ ಕೂರಲು ಎರಡು ದಿನವಾದರೂ ಸೀಗೆಕಾಯಿ ಸೋಕಬಾರದು. ನಮಗಿದ್ದದ್ದು ಒಂದು ರಾತ್ರಿ. ನೀರು ಜಾರಿ ಹೋಗಲೆಂದು ಔಡಲೆಣ್ಣೆಯನ್ನು ಬುಡದಿಂದ ತುದಿಯ ತನಕ ಬಳಿದೆ.

ಕೆರೆಯ ಮೆಟ್ಟಿಲ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಮದುವೆಯಾಗದವರ ತಲೆ ನೋಡುವ ಪದ್ಧತಿಯಿಲ್ಲ, ಬರಿಗಣ್ಣಿಗೆ ಕಾಣುತ್ತದಲ್ಲ; ನಾನು ಎರಡು ಜಡೆ ಬಿಟ್ಟುಕೊಂಡು ಅವ್ವನ ಹಿಂದೆ ನಿಂತಿದ್ದೆ. ಏರಿಯ ಮೇಲೆ ಗಂಡಸರು. ತೂಬಿನ ಹತ್ತಿರ ಅಪ್ಪ, ಬೀಡಿ ಹಚ್ಚಿಕೊಂಡು. ಚಂಪವ್ವ ಮೊಣಕಾಲ ತನಕ ನೀರಿನಲ್ಲಿ ನಿಂತು ಒಂದೊಂದೇ ತಲೆ ಮುಗಿಸುತ್ತ ಬಂದಳು. ಬಂಗಾರವ್ವನ ತಲೆಯಿಂದ ಕೆಂಪು ನೀರು ಇಳಿದಾಗ ಸಾಲಿನಲ್ಲಿ ಗುಜುಗುಜು ಎದ್ದಿತು.

"ಏ, ದಾಸವಾಳ ಅದು!" ಬಂಗಾರವ್ವ ಕಣ್ಣು ಮುಚ್ಚಿಕೊಂಡೇ ಕೂಗಿದಳು. "ಕಾಶವ್ವನ ಮಗಳು ಹಚ್ಯಾಳ. ಅವರವ್ವಗೂ ಹಚ್ಯಾಳ. ನೋಡು ಹೆಂಗ ರೇಷ್ಮಿ ಆಗೇತಿ!" ಕೆಲವರು ನಕ್ಕರು. ಹೆಣ್ಣುಮಕ್ಕಳು ನನ್ನ ಕಡೆ ನೋಡಿದರು.

ಮುಂದಿನವಳು ಅವ್ವ. ಕೊಡದ ನೀರು ಬಿತ್ತು. ಎಣ್ಣೆಯ ಮೇಲೆ ಜಾರಿ ಹೋಯಿತು. ಚಂಪವ್ವ ಸೀಗೆಕಾಯಿ ಹಾಕಿ ತಿಕ್ಕಿದಳು. ನೊರೆ ಮೊದಲು ಕಂದು, ಆಮೇಲೆ ಬೂದು, ಆಮೇಲೆ ಮಸಿಯಂಥ ನೀಲಿ. ಅದು ಕಲ್ಲಿನ ಮೇಲೆ ಹರಿದು ನನ್ನ ಪಾದದ ಹತ್ತಿರ ಬಂತು, ನಾನು ಅದರ ಮೇಲೆ ಕಾಲಿಟ್ಟು ನಿಂತೆ. ಚಂಪವ್ವನ ಕೈ ನಿಂತಿತು. ಅವಳು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಅವ್ವನ ಎಡಗಿವಿಯನ್ನು ಮಡಚಿ ಅದರ ಹಿಂದೆ ನೋಡಿದಳು. ಅಲ್ಲಿ ನನ್ನ ಕೈಗೆ ತಪ್ಪಿದ್ದು ಏನೋ ಇತ್ತು. ಅವಳ ಮುಖದಿಂದ ನನಗೆ ತಿಳಿಯಿತು. ಉಳಿದವರಿಗೆ ಅವಳ ಬಾಗಿದ ಬೆನ್ನು ಮಾತ್ರ ಕಾಣುತ್ತಿತ್ತು. ಏರಿಯ ಮೇಲೆ ಅಪ್ಪ ಯಾರದೋ ಮಾತಿಗೆ ನಗುತ್ತಿದ್ದ.

"ಎಷ್ಟ ಎಣ್ಣಿ ಬಳದೀಯವಾ," ಎಂದು ಚಂಪವ್ವ ಜೋರಾಗಿ ಹೇಳಿ, ಅವ್ವನ ಕೂದಲನ್ನು ತಾನೇ ಗಂಟು ಹಾಕಿದಳು. "ಏಳು. ಮುಂದಿನಾಕಿ ಬಾ."

ಅವಳು ನಮ್ಮನ್ನು ಉಳಿಸಿದಳು ಎಂದುಕೊಂಡೆ. ಕೊನೆಯ ತಲೆ ಮುಗಿದ ಮೇಲೆ ಅವಳು ಏರಿಯ ಕಡೆ ತಿರುಗಿ ನಿಂತು ಕೂಗಿದಳು: "ಯಾರೂ ಇಲ್ಲ! ನನ್ನ ಗಂಡಗ ಯಾರೂ ಇಲ್ಲ!" ಆಗ ಅವಳ ಮುಖ ನೋಡಿದೆ. ಅದು ಉಳಿಸಿದವಳ ಮುಖವಾಗಿರಲಿಲ್ಲ. ತನ್ನ ತಲೆ ಕರ್ರಗೇ ಉಳಿದ ಮೇಲೆ, ಗಂಡ ಇನ್ನೊಬ್ಬಳವನಾಗುವುದಕ್ಕಿಂತ ಯಾರವನೂ ಅಲ್ಲದೆ ಹೋಗಲಿ ಎಂದು ಲೆಕ್ಕ ಹಾಕಿ ಮುಗಿಸಿದವಳ ಮುಖ.

ಬಿಳಿ ಸಿಗದ ಸಾವು ನಮ್ಮೂರಿನಲ್ಲಿ ಅಪರೂಪ. ಯಾರೂ ಹಚ್ಚಿಕೊಂಡಿರದ ಅಂಥವನಿಗೆ ದೀಪ ಹಚ್ಚುವುದಿಲ್ಲ. ಅವನ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದಿಲ್ಲ, ಮನೆಯಲ್ಲಿ ಎತ್ತುವುದೂ ಇಲ್ಲ. ಎಲ್ಲರೂ ಒಂದೊಂದು ಹಿಡಿ ಒಲೆಯ ಬೂದಿ ನೀರಿಗೆ ಎಸೆದು, ತಿರುಗಿ ನೋಡದೆ ಹೋಗುತ್ತಾರೆ. ಬೂದಿಯ ಬುಟ್ಟಿ ಬಂತು. "ಊರಿನ ಹೊಟ್ಟಿಗೆಲ್ಲ ಹಿಟ್ಟು ಬೀಸಿದಾಂವ," ಎಂದಳು ಒಬ್ಬ ಮುದುಕಿ, "ಬೀದಿ ನಾಯಿ ಸತ್ತಂಗ ಸತ್ನಲ್ಲ." ಬುಟ್ಟಿ ಕೈಯಿಂದ ಕೈಗೆ ಬರುತ್ತಿತ್ತು. ಬಂಗಾರವ್ವ ಎಸೆದಳು. ಅವ್ವನ ಕೈಗೆ ಬಂತು.

ಅವ್ವ ಬುಟ್ಟಿಯನ್ನು ಕೆಳಗಿಟ್ಟಳು. ತಿರುಗಿ ಮೆಟ್ಟಿಲು ಇಳಿಯತೊಡಗಿದಳು. ನಾನು ಓಡಿ ಹೋಗಿ ರಟ್ಟೆ ಹಿಡಿದೆ.

"ಅವ್ವಾ, ಮುಗೀತು. ಮನಿಗೆ ನಡಿ."

"ಕೈ ಬಿಡು ಸುಮಿ."

"ಅಪ್ಪ ನೋಡಾಕತ್ತಾನ. ಟ್ರಂಕ್ ಹೊರಗ ಇಡ್ತಾನ. ತಾರವ್ವನ ಕಂಡಿಲ್ಲೇನು?"

"ಕಂಡೀನಿ. ಕೈ ಬಿಡು."

ಅವಳು ಸೊಂಟದ ತನಕ ನೀರಿಗಿಳಿದು, ಚಂಪವ್ವನ ಬಟ್ಟಲಿಗೆ ಕೈ ಹಾಕಿ, ಎರಡು ಮುಷ್ಟಿ ಸೀಗೆಕಾಯಿ ತೆಗೆದು ತಲೆಗೆ ಹಾಕಿ ತಿಕ್ಕತೊಡಗಿದಳು. ಮುಳುಗಿದಳು, ಎದ್ದಳು, ಮತ್ತೆ ತಿಕ್ಕಿದಳು. ಅವಳ ಸುತ್ತ ನೀರು ನೀಲಿಯಾಯಿತು. ಬಿಳಿ ಬರಲಿಲ್ಲ, ಮದರಂಗಿ ಹೋಗುವ ಬಣ್ಣವಲ್ಲ. ಅವಳು ಎದ್ದು ನಿಂತಾಗ ತಲೆ ಅಲ್ಲಲ್ಲಿ ನೀಲಿ, ಅಲ್ಲಲ್ಲಿ ಪಾಚಿ, ಹೆಚ್ಚು ಕಡೆ ಹುಂಜದ ಕೆಂಪು. ನೋಡಲು ಸೋಗಿನವಳ ಹಾಗಿದ್ದಳು. ಒಂದು ಹುಡುಗಿ ನಕ್ಕಳು, ಅವಳ ತಾಯಿ ಬಾಯಿ ಮುಚ್ಚಿದಳು. ಅವ್ವ ಎಡಗಿವಿಯನ್ನು ತಾನೇ ಮಡಚಿ, ಹಿಂದಿನ ಕೂದಲನ್ನು ಬಿಡಿಸಿ ಏರಿಯ ಕಡೆ ಹಿಡಿದಳು. ಬೆರಳಗಲದ ಒಂದು ಪಟ್ಟಿ, ಬೆಳ್ಳಗೆ.

ಆಮೇಲೆ ಕಟ್ಟಳೆಯೇ ನಡೆಯಿತು. ಚಂಪವ್ವ ತುತ್ತು ಕೊಡಲೇಬೇಕಿತ್ತು. ರೊಟ್ಟಿ ಮುರಿದು ಅವ್ವನ ಬಾಯಿಗೆ ತುರುಕಿದಳು, ಹಲ್ಲಿಗೆ ತಾಗುವ ಹಾಗೆ. ಅವಳ ಅಂಗೈ ಇನ್ನೂ ನೀಲಿಯಾಗಿತ್ತು. ಅವ್ವ ನಿಧಾನವಾಗಿ ಅಗಿದು ನುಂಗಿದಳು. ದೀಪ ಹಚ್ಚಿದರು.

ಮನೆಗೆ ಬಂದಾಗ ಅಪ್ಪ ಆಗಲೇ ಬಂದಿದ್ದ. ನನ್ನ ಕಣ್ಣು ಮೊದಲು ಹೋದದ್ದು ಟ್ರಂಕಿನ ಕಡೆ. ಅದು ತನ್ನ ಜಾಗದಲ್ಲೇ ಇತ್ತು. ಅಪ್ಪ ಕಟ್ಟೆಯ ಮೇಲೆ ಕೂತು, ತೂಬಿನ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅವ್ವ ಅವನ ಮುಂದೆಯೇ ಹಾದು ಒಳಗೆ ಹೋಗಿ, ಸೀರೆ ಬದಲಿಸಿ, ಒಲೆ ಹೊತ್ತಿಸಿದಳು. ಕೂದಲು ಮುಚ್ಚಿಕೊಳ್ಳಲಿಲ್ಲ. ಅವನು ಬಯ್ಯುತ್ತಾನೆ ಎಂದು ಕಾದೆ. ಬೈದಿದ್ದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವನು ನೀರು ಕೇಳಿದ. ಕೊಟ್ಟೆ. ಕುಡಿದು ಚಂಬನ್ನು ಕೆಳಗಿಟ್ಟ.

"ಅಕಿ ತಲಿ ಖರ್ಚಾತು," ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಚಹಾದಂಗಡಿಯಲ್ಲಿ ಇನ್ನು ಮೇಲೆ ಆಡಲಾಗದ ಮಾತನ್ನು ಮನೆಯಲ್ಲಿ ಆಡುತ್ತಿರುವಂತಿತ್ತು. "ಇನ್ನ ನಾ ಸತ್ತರ ಯಾರ ತಲಿ?"

ಹೇಳಿ ಅವನು ನನ್ನ ಜಡೆಗಳ ಕಡೆ ನೋಡಿದ. ಎರಡೂ ಕರ್ರಗಿದ್ದವು, ಎಣ್ಣೆ ಹಚ್ಚಿ ಹೆಣೆದಿದ್ದೆ. ನಂದು ಐತೆಲ್ಲ ಎಂದುಬಿಡಬಹುದಿತ್ತು, ಎರಡು ಮಾತು. ಆದರೆ ನಮ್ಮೂರಿನಲ್ಲಿ ಆ ಮಾತನ್ನು ಆಡಿದವರನ್ನು ಒಂದು ದಿನ ಕೆರೆಯ ಮೆಟ್ಟಿಲ ಮೇಲೆ ಕೂರಿಸಿ ನೋಡುತ್ತಾರೆ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಅವಳೂ ಕಿವಿ ಕೊಟ್ಟಿದ್ದಳು. ಅವನು ನೋಡುತ್ತಲೇ ಇದ್ದ. ನಾನು ವೇಲನ್ನು ತಲೆಯ ಮೇಲೆ ಎಳೆದುಕೊಂಡೆ.